ದಯೆಗೆ ಅರಿವಿನ ಜೊತೆ

ಕೆಂಪಾಪುರದ ನಮ್ಮ ಬಡಾವಣೆಯಲ್ಲಿ ಮಾಳಿಗೆಯ ಮೇಲೆ ನಿಂತು ತಲೆಯೆತ್ತಿದರೆ ಆಕಾಶದಲ್ಲಿ ಒಂದಲ್ಲ ಒಂದು ದೊಡ್ಡ ಹಕ್ಕಿ ಸುತ್ತುತ್ತಲೇ ಇರುತ್ತದೆ. ಕಂದು ಮೈ, ಕವಲು ಬಾಲವಿದ್ದರೆ ಅದು ಹದ್ದು. ತಲೆಯೂ ಎದೆಯೂ ಬೆಳ್ಳಗಿದ್ದು, ಉಳಿದ ಮೈ ಇಟ್ಟಿಗೆಯ ಬಣ್ಣದ್ದಾಗಿದ್ದರೆ ಅದು ಗರುಡ. ಹೆಬ್ಬಾಳದ ಕೆರೆ ಹತ್ತಿರವಿರುವುದರಿಂದ ಒಮ್ಮೊಮ್ಮೆ ಹೆಜ್ಜಾರ್ಲೆಗಳೂ ಸಾಲುಗಟ್ಟಿ ಹಾದುಹೋಗುತ್ತವೆ. ಇಷ್ಟೆಲ್ಲ ಇದ್ದರೂ ರಣಹದ್ದು ಎಂಬ ಹೆಸರಿನ ಹಕ್ಕಿಯನ್ನು ಮಾತ್ರ ನಮ್ಮ ಬಡಾವಣೆಯ ಮಕ್ಕಳಲ್ಲಿ ಯಾರೂ ಕಂಡವರಿಲ್ಲ. ಹೆಸರು ಭಾಷೆಯಲ್ಲಿ ಉಳಿದಿದೆ, ಹಕ್ಕಿ ಬಾನಿನಿಂದ ಜಾರಿದೆ. ಹೀಗೇಕಾಯಿತೆಂಬುದನ್ನು ಪ್ರತಿಯೊಂದು ಸದ್ಗೃಹಸ್ಥರ ಮನೆಯೂ ತಿಳಿಯಬೇಕು. ಏಕೆಂದರೆ ಈ ಅಳಿವಿಗೆ ಕಾರಣವಾದುದು ಯಾರ ಕ್ರೌರ್ಯವೂ ಅಲ್ಲ, ನಮ್ಮೆಲ್ಲರ ದಯೆ.

ಬೆಂಗಳೂರಿನಿಂದ ಮೈಸೂರಿನ ದಾರಿಯಲ್ಲಿ ಸುಮಾರು 50 ಕಿಲೋಮೀಟರ್ ಸಾಗಿದರೆ ರಾಮನಗರ. ಊರನ್ನು ಸುತ್ತುವರಿದಿರುವ ಬೃಹತ್ ಬಂಡೆಗಳು ಸುಮಾರು 250 ಕೋಟಿ ವರ್ಷಗಳಷ್ಟು ಪುರಾತನವೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಊರಿನ ಹಿಂದಿನ ಹೆಸರಾದ ಕ್ಲೋಸ್‌ಪೇಟೆಯಿಂದಲೇ ಈ ಶಿಲೆಗೂ ಹೆಸರು ಬಂದಿದೆ. 1975ರಲ್ಲಿ ತೆರೆಕಂಡ ‘ಶೋಲೆ’ ಚಲನಚಿತ್ರದಿಂದ ಈ ಬೆಟ್ಟಗಳು ದೇಶಕ್ಕೆಲ್ಲ ಪರಿಚಿತವಾದವು. ಆದರೆ ಅದಕ್ಕಿಂತ ಬಹು ಹಿಂದಿನಿಂದಲೂ ಇಲ್ಲಿನ ರಾಮದೇವರಬೆಟ್ಟದ ಕಡಿದಾದ ಬಂಡೆಗಳ ಅಂಚು ಉದ್ದ ಕೊಕ್ಕಿನ ರಣಹದ್ದುಗಳ ವಾಸಸ್ಥಾನ. ಕರ್ನಾಟಕ ಸರ್ಕಾರವು 2012ರಲ್ಲಿ ಈ ಬೆಟ್ಟದ ಸುಮಾರು 346 ಹೆಕ್ಟೇರ್ ಪ್ರದೇಶವನ್ನು ರಣಹದ್ದುಗಳಿಗಾಗಿಯೇ ವನ್ಯಧಾಮವೆಂದು ಘೋಷಿಸಿತು.

ಕಳೆದ ಮಾಘ ಮಾಸದ ಒಂದು ಭಾನುವಾರ ಬಡಾವಣೆಯ ನಾಲ್ಕು ಮನೆಗಳ ಹಿರಿಯರು, ತಾಯಂದಿರು, ಮಕ್ಕಳೊಡನೆ ನಾವು ಅಲ್ಲಿಗೆ ಹೋಗಿದ್ದೆವು. ಸೂರ್ಯೋದಯಕ್ಕೆ ಬೆಟ್ಟದ ಬುಡದಲ್ಲಿದ್ದೆವು. ಎರಡು ಬಂಡೆಗಳ ನಡುವಿನ ಕಮರಿಯಲ್ಲಿ ತಂಪಾದ ನೆರಳು. ಮೇಲೆ ಬಂಡೆಯ ನೆತ್ತಿಯಲ್ಲಿ ಎಳೆಬಿಸಿಲು. ಮೊದಲು ಕಿವಿಗೆ ಬಿದ್ದುದು ಪಿಕಳಾರದ ದನಿ. ಹಳದಿ ಕೊರಳಿನ ಪಿಕಳಾರವೆಂಬ ಈ ಹಕ್ಕಿ ದಕ್ಷಿಣ ಭಾರತದ ಕಲ್ಲುಬೆಟ್ಟಗಳನ್ನು ಬಿಟ್ಟು ಜಗತ್ತಿನ ಬೇರೆಲ್ಲಿಯೂ ಇಲ್ಲ. ಬಂಡೆಯ ಬುಡದ ಪೊದೆಯಿಂದ ಪೊದೆಗೆ ಹಾರುತ್ತಿದ್ದ ಜೋಡಿಯೊಂದನ್ನು ಮಕ್ಕಳು ದುರ್ಬೀನಿನಲ್ಲಿ ಸರದಿಯಂತೆ ನೋಡಿ ಹಿಗ್ಗಿದರು. ಎಲ್ಲಿಯೋ ನವಿಲು ಕೂಗಿತು.

ರಣಹದ್ದನ್ನು ನೋಡಬೇಕಾದರೆ ತಾಳ್ಮೆ ಬೇಕು. ಬಂಡೆಯ ಎದೆಯ ಮೇಲೆ ಸುಣ್ಣ ಸುರಿದಂತೆ ಬಿಳಿಯ ಪಟ್ಟೆಗಳು ಕಾಣುತ್ತವೆ. ಅವು ಹಕ್ಕಿಗಳ ಹಿಕ್ಕೆಯ ಗುರುತು. ಅವು ಕೂರುವ, ಗೂಡು ಕಟ್ಟುವ ಚಾಚುಗಲ್ಲುಗಳ ವಿಳಾಸ. ಈ ಹಕ್ಕಿಗೆ ಭಾರವಾದ ಮೈ. ಬಿಸಿಲೇರಿ ಬಂಡೆ ಕಾದು, ಬಿಸಿಗಾಳಿ ಮೇಲೇಳುವವರೆಗೆ ಅದು ಸುಮ್ಮನೆ ರೆಕ್ಕೆ ಬಡಿದು ಶಕ್ತಿ ವ್ಯಯಿಸುವುದಿಲ್ಲ. ನಾವು ಮರದ ನೆರಳಿನಲ್ಲಿ ಕುಳಿತು ಕಾದೆವು. ಹತ್ತು ಗಂಟೆ ಸಮೀಪಿಸಿದಾಗ ಬಂಡೆಯ ಅಂಚಿನಿಂದ ಒಂದು ಹಕ್ಕಿ ತನ್ನನ್ನು ತಾನು ಗಾಳಿಗೆ ಒಪ್ಪಿಸಿಕೊಂಡಿತು. ಸುಮಾರು ಏಳು ಅಡಿ ಅಗಲದ ರೆಕ್ಕೆ. ಒಂದೇ ಒಂದು ಬಡಿತವಿಲ್ಲ. ಸುತ್ತು ಸುತ್ತಾಗಿ ಮೇಲೇರಿ, ಕಮರಿಯನ್ನು ದಾಟಿ, ಬೆಳಕಿನಲ್ಲಿ ಚುಕ್ಕೆಯಾಯಿತು. ಮಧ್ಯಾಹ್ನದವರೆಗೆ ಕಾದರೂ ಎರಡನೆಯದು ಕಾಣಲಿಲ್ಲ.

“ಅಜ್ಜಾ, ಒಂದೇನಾ?” ಎಂದು ಎಂಟು ವರ್ಷದ ಹುಡುಗಿ ಕೇಳಿದಳು. ಬೆಟ್ಟದ ದಾರಿಯಲ್ಲಿ ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ವೃದ್ಧರೊಬ್ಬರು ಆ ಪ್ರಶ್ನೆ ಕೇಳಿ ನಿಂತರು. “ನಮ್ ಕಾಲದಲ್ಲಿ ಎತ್ತು ಸತ್ರೆ ಊರಾಚೆ ಹಾಕಿ ಬರ್ತಿದ್ವಿ ಬುದ್ಧೀ. ಸಂಜೆ ಹೊತ್ಗೆ ಮೂಳೆ ಮಾತ್ರ ಉಳೀತಿತ್ತು. ಈಗ ನಾಯಿಗಳದ್ದೇ ಕಾರುಬಾರು” ಎಂದರು. ಆ ಎರಡು ಮಾತುಗಳಲ್ಲಿ ಒಂದು ಉಪಖಂಡದ ಕಥೆಯೇ ಅಡಗಿದೆ.

ಒಂದು ಕಾಲಕ್ಕೆ ಭಾರತದಲ್ಲಿ ರಣಹದ್ದುಗಳು ಕೋಟಿಗಟ್ಟಲೆ ಇದ್ದವೆಂದು ತಜ್ಞರ ಅಂದಾಜು. ರಾಜಸ್ಥಾನದ ಭರತಪುರದಲ್ಲಿ ಅವುಗಳ ಸಂಖ್ಯೆ ಕುಸಿಯುತ್ತಿರುವುದನ್ನು ಪಕ್ಷಿತಜ್ಞ ವಿಭು ಪ್ರಕಾಶ್ 1990ರ ದಶಕದ ಕೊನೆಯಲ್ಲಿ ಜಗತ್ತಿನ ಗಮನಕ್ಕೆ ತಂದರು. 1992ರಿಂದ 2007ರವರೆಗಿನ ಅವಧಿಯಲ್ಲಿ ಬಿಳಿ ಬೆನ್ನಿನ ರಣಹದ್ದು ನೂರಕ್ಕೆ 99ಕ್ಕಿಂತ ಹೆಚ್ಚು, ಉದ್ದ ಕೊಕ್ಕಿನದು ನೂರಕ್ಕೆ ಸುಮಾರು 97ರಷ್ಟು ಕಡಿಮೆಯಾದವು. ವ್ಯಾಧಿಯೇ, ಕೀಟನಾಶಕವೇ, ಆಹಾರದ ಕೊರತೆಯೇ ಎಂದು ವಿದ್ವಾಂಸರು ಹುಡುಕಿದರು. 2004ರಲ್ಲಿ, ಪಾಕಿಸ್ತಾನದಲ್ಲಿ ನಡೆದ ಸಂಶೋಧನೆಯಿಂದ ಉತ್ತರ ದೊರೆಯಿತು. ಅದು ಡೈಕ್ಲೋಫೆನಾಕ್ ಎಂಬ ನೋವುನಿವಾರಕ ಔಷಧಿ.

ಎತ್ತಿನ ಕಾಲು ಊದಿದರೆ, ಹಸುವಿಗೆ ಕೆಚ್ಚಲು ಬಾವು ಬಂದರೆ, ಅದರ ನರಳಾಟ ನೋಡಲಾರದೆ ರೈತನು ಈ ಚುಚ್ಚುಮದ್ದು ಹಾಕಿಸುತ್ತಿದ್ದನು. ಅಗ್ಗದ ಬೆಲೆ, ಬೇಗನೆ ಗುಣ. ಆದರೆ ಮದ್ದು ಕೊಟ್ಟ ಕೆಲವೇ ದಿನಗಳೊಳಗೆ ಪಶು ಸತ್ತರೆ ಅದರ ಮಾಂಸದಲ್ಲಿ ಔಷಧಿ ಉಳಿದಿರುತ್ತದೆ. ಅದನ್ನು ತಿಂದ ರಣಹದ್ದಿನ ಮೂತ್ರಪಿಂಡ ನಿಂತುಹೋಗುತ್ತದೆ. ಒಳಾಂಗಗಳ ಮೇಲೆ ಯೂರಿಕ್ ಆಮ್ಲದ ಬಿಳಿಯ ಪುಡಿ ಕಟ್ಟಿಕೊಂಡು ಹಕ್ಕಿ ಸಾಯುತ್ತದೆ. ಒಂದು ಹೆಣದ ಸುತ್ತ ಹತ್ತಾರು ಹಕ್ಕಿಗಳು ಕೂಡಿ ಉಣ್ಣುವುದರಿಂದ, ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ವಿಷಪೂರಿತವಾಗಿದ್ದರೂ ಇಡೀ ಸಂತತಿ ನಾಶವಾಗಲು ಸಾಕೆಂದು ಲೆಕ್ಕಾಚಾರಗಳು ತೋರಿಸಿದವು. ವರ್ಷಕ್ಕೆ ಒಂದೇ ಮೊಟ್ಟೆಯಿಡುವ, ಸಂತಾನ ಪಡೆಯಲು ಸುಮಾರು ಐದು ವರ್ಷ ಬೆಳೆಯಬೇಕಾದ ಹಕ್ಕಿ ಅಂತಹ ನಷ್ಟವನ್ನು ಹೇಗೆ ತುಂಬಿಕೊಂಡೀತು?

ಹಕ್ಕಿ ಹೋದ ಮೇಲೆ ಅದು ಮಾಡುತ್ತಿದ್ದ ಕೆಲಸದ ಬೆಲೆ ತಿಳಿಯಿತು. ರಣಹದ್ದಿನ ಜಠರದ ಆಮ್ಲ ಎಷ್ಟು ತೀಕ್ಷ್ಣವೆಂದರೆ ಕೊಳೆತ ಮಾಂಸದಲ್ಲಿರುವ ರೋಗಾಣುಗಳನ್ನು ಅದು ಬಹುಮಟ್ಟಿಗೆ ಕೊಲ್ಲಬಲ್ಲದು. ಅದು ಇಲ್ಲವಾದಾಗ ಹೆಣಗಳು ಕೊಳೆತು ನೀರು ಕೆಟ್ಟಿತು, ಬೀದಿನಾಯಿಗಳು ಹೆಚ್ಚಿದವು. ರಣಹದ್ದುಗಳು ಇಲ್ಲವಾದ ಜಿಲ್ಲೆಗಳಲ್ಲಿ 2000ದಿಂದ 2005ರವರೆಗಿನ ಅವಧಿಯಲ್ಲಿ ಸುಮಾರು 5 ಲಕ್ಷ ಜನರ ಹೆಚ್ಚುವರಿ ಸಾವು ಸಂಭವಿಸಿರಬಹುದೆಂದು ಇಬ್ಬರು ಅರ್ಥಶಾಸ್ತ್ರಜ್ಞರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂದಾಜು ಮಾಡಿದ್ದಾರೆ. ಮನೆಯ ಮೇಲೆ ಕುಳಿತರೆ ಕೇಡೆಂದು ನಾವು ಓಡಿಸುತ್ತಿದ್ದ ಹಕ್ಕಿ ನಮ್ಮ ಮನೆಗೆ ಬರುವ ಕೇಡನ್ನೇ ತಡೆಯುತ್ತಿತ್ತು! ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ಸಾರಿದ ಶರಣರ ಮಕ್ಕಳು ಇಂತಹ ಹಕ್ಕಿಯನ್ನು ಅಪಶಕುನವೆನ್ನುವುದು ಶೋಭಿಸುವುದಿಲ್ಲ. ರಾಮಾಯಣದ ಜಟಾಯುವಿಗೆ ಕೈಮುಗಿದು ಅದರ ಕುಲವನ್ನು ಹಳಿಯುವುದೂ ಸಲ್ಲದು.

ಹಾಗಾದರೆ ನರಳುವ ಎತ್ತಿಗೆ ಮದ್ದು ಕೊಡಬಾರದೇ? ಕೊಡಲೇಬೇಕು. ದಯೆಯನ್ನು ಬಿಡೆಂದು ಯಾವ ಧರ್ಮವೂ ಹೇಳದು. ಆದರೆ ದಯೆ ಒಂದು ಜೀವದ ಮುಂದೆ ನಿಂತು ಕಣ್ಣು ಮುಚ್ಚಿಕೊಂಡರೆ ಮತ್ತೊಂದು ಜೀವಕ್ಕೆ ಉರುಳಾಗುತ್ತದೆ. ಅರಿವಿಲ್ಲದ ಆಚಾರ ಹೇಗೆ ಜಡವೋ, ಅರಿವಿಲ್ಲದ ದಯೆಯೂ ಹಾಗೆಯೇ ಕುರುಡು. ಎತ್ತು, ಅದನ್ನು ಸಾಕಿದ ರೈತ, ಅದರ ಹೆಣವನ್ನು ಶುಚಿಗೊಳಿಸುವ ಹಕ್ಕಿ, ಆ ಊರಿನ ನೀರು ಕುಡಿಯುವ ಮಗು, ಇವೆಲ್ಲ ಒಂದೇ ಸರಪಳಿಯ ಕೊಂಡಿಗಳೆಂದು ತಿಳಿದ ದಯೆಯೇ ಪೂರ್ಣ ದಯೆ.

ಸಂತೋಷದ ಸಂಗತಿಯೆಂದರೆ ದಾರಿಯಿದೆ. ಭಾರತ ಸರ್ಕಾರವು 2006ರಲ್ಲಿ ಪಶುಗಳಿಗೆ ಡೈಕ್ಲೋಫೆನಾಕ್ ಬಳಸುವುದನ್ನು ತಡೆಯಲು ಮುಂದಾಯಿತು. ಅದೇ ವರ್ಷ ನೇಪಾಳ, ಪಾಕಿಸ್ತಾನಗಳೂ ನಿಷೇಧಿಸಿದವು. ಮನುಷ್ಯರಿಗೆಂದು ಮಾರುವ ದೊಡ್ಡ ಸೀಸೆಗಳು ಕೊಟ್ಟಿಗೆ ಸೇರುತ್ತಿದ್ದುದರಿಂದ 2015ರಲ್ಲಿ ಚುಚ್ಚುಮದ್ದಿನ ಸೀಸೆಯನ್ನು 3 ಮಿಲಿಲೀಟರಿಗೆ ಸೀಮಿತಗೊಳಿಸಲಾಯಿತು. ರಣಹದ್ದಿಗೆ ಅಪಾಯಕಾರಿಯೆಂದು ತಿಳಿದುಬಂದ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್ ಔಷಧಿಗಳನ್ನು ಪಶುಗಳಿಗೆ ಬಳಸುವುದು 2023ರಲ್ಲಿ ನಿಷೇಧವಾಯಿತು. ಅದೇ ನೋವನ್ನು ಶಮನಗೊಳಿಸುವ ಮೆಲಾಕ್ಸಿಕ್ಯಾಮ್ ಎಂಬ ಔಷಧಿ ರಣಹದ್ದುಗಳಿಗೆ ನಿರಪಾಯಕರವೆಂದು ಪರೀಕ್ಷೆಗಳಿಂದ ಸಿದ್ಧವಾಗಿದೆ. ಎತ್ತಿನ ನೋವೂ ಇಳಿಯುತ್ತದೆ, ಹಕ್ಕಿಯ ಪ್ರಾಣವೂ ಉಳಿಯುತ್ತದೆ.

ನಮ್ಮ ವಾಚಕರಲ್ಲಿ ಬಹುಮಂದಿ ನಗರವಾಸಿಗಳಾದರೂ ಅವರ ಮೂಲ ಹಳ್ಳಿಯಲ್ಲಿದೆ; ಅಣ್ಣತಮ್ಮಂದಿರ ಕೊಟ್ಟಿಗೆಯಲ್ಲಿ ಇಂದಿಗೂ ಎತ್ತು, ಹಸು, ಎಮ್ಮೆಗಳಿವೆ. ಹಬ್ಬಕ್ಕೆ, ಜಾತ್ರೆಗೆ ಊರಿಗೆ ಹೋದಾಗ ಒಂದು ಮಾತನ್ನು ಅವರ ಕಿವಿಗೆ ಹಾಕಿರಿ. ದನಕ್ಕೆ ನೋವಾದರೆ ಅಂಗಡಿಯಿಂದ ತಾವೇ ಮದ್ದು ತಂದು ಚುಚ್ಚುವುದು ಬೇಡ. ಪಶುವೈದ್ಯರನ್ನು ಕರೆಯಿಸಿ, ಮೆಲಾಕ್ಸಿಕ್ಯಾಮ್ ಕೊಡಬಹುದೇ ಎಂದು ಕೇಳಲಿ. ಮದ್ದು ಕೊಟ್ಟ ಮೇಲೆ ದನ ಸತ್ತರೆ ಬಯಲಿನಲ್ಲಿ ಬಿಸಾಡದೆ ಆಳವಾಗಿ ಹೂಳಲಿ. ಹಣದ ಖರ್ಚಿಲ್ಲದ ಈ ಸೇವೆಯನ್ನು ಪ್ರತಿ ಮನೆಯೂ ಮಾಡಬಹುದು.

ರಾಮದೇವರಬೆಟ್ಟದಲ್ಲಿ ಈಗ ಉಳಿದಿರುವುದು ಬೆರಳೆಣಿಕೆಯ ಹಕ್ಕಿಗಳು. ಅಲ್ಲಿಗೆ ಹೋಗುವವರು ಸದ್ದು ಮಾಡದೆ, ಬಂಡೆಯ ಗೂಡುಗಳನ್ನು ಸಮೀಪಿಸದೆ, ಪ್ಲಾಸ್ಟಿಕ್ಕನ್ನು ಬಿಟ್ಟುಬರದೆ ನೋಡಿ ಬರಲಿ. ಒಂದು ಗೂಡಿನಲ್ಲಿರುವ ಒಂದೇ ಮೊಟ್ಟೆಯ ಮೇಲೆ ಒಂದು ವರ್ಷದ ಆಸೆಯೆಲ್ಲ ನಿಂತಿರುತ್ತದೆ. ಆ ಮೊಟ್ಟೆಯೊಡೆದು ಹೊರಬರುವ ಮರಿಗೆ ವಿಷವಿಲ್ಲದ ತುತ್ತನ್ನು ಉಳಿಸುವ ಹೊಣೆ ಕೊಟ್ಟಿಗೆಯಿರುವ ಪ್ರತಿಯೊಂದು ಮನೆಯದು.