ಮುಪ್ಪಿನ ಮದ್ದು ಮತ್ತು ಗಂಡಸರ ಮೌನ

ಸಾಗರ, ಹೊಸನಗರ, ತೀರ್ಥಹಳ್ಳಿಗಳ ನಡುವೆ ಓಡಾಡುವಾಗ ಗೋಡೆಗಳ ಮೇಲೆ ‘ಪುರುಷರ ದೌರ್ಬಲ್ಯ’ಕ್ಕೆ ಪರಿಹಾರ ಸಾರುವ ಚೀಟಿಗಳು ಕಣ್ಣಿಗೆ ಬೀಳುತ್ತವೆ. ಇಂತಹ ಜಾಹೀರಾತುಗಳನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಅಧಿಕಾರದಲ್ಲಿದ್ದಾಗ ನಾನೂ ಅವನ್ನು ಕಂಡು ನಕ್ಕು ಮುಂದೆ ಹೋದವನೇ.

ಈಗ ನಗು ಬರುವುದಿಲ್ಲ. ತೀರ್ಥಹಳ್ಳಿ ಸೀಮೆಯ ಅಡಿಕೆ ಬೆಳೆಗಾರರಾದ ನನ್ನ ಗೆಳೆಯರೊಬ್ಬರು ರಾತ್ರಿ ನಾಲ್ಕೈದು ಬಾರಿ ಮೂತ್ರಕ್ಕೆ ಏಳುತ್ತಿದ್ದರು. ವಯಸ್ಸಿನ ನಿಶ್ಶಕ್ತಿಯೆಂದು ತಾವೇ ತೀರ್ಮಾನಿಸಿ, ಎರಡು ವರ್ಷ ಗುಟ್ಟಾಗಿ ಪುಷ್ಟಿಯ ಲೇಹ್ಯ ಸೇವಿಸಿದರು. ಬೆನ್ನುನೋವಿಗೆಂದು ತಪಾಸಣೆ ಮಾಡಿಸಿದಾಗ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಮೂಳೆಗೆ ಹಬ್ಬಿತ್ತು.

ಗಂಡಸಿನ ಮುಪ್ಪೆಂದರೆ ಯಾವುದೋ ಸತ್ವದ ಸೋರಿಕೆ, ಅದನ್ನು ಮರಳಿ ತುಂಬಬಹುದು ಎಂಬ ನಂಬಿಕೆ ನಮ್ಮೂರಿನದಷ್ಟೇ ಅಲ್ಲ. ಅರ್ಥಶಾಸ್ತ್ರ ಓದಿದ ನನಗೆ ಇದು ದೇಹವನ್ನು ಖಜಾನೆಯೆಂದು ಭಾವಿಸುವ ಲೆಕ್ಕಾಚಾರದಂತೆ ತೋರುತ್ತದೆ. 1889ರಲ್ಲಿ ಪ್ಯಾರಿಸ್ಸಿನ ಪ್ರಸಿದ್ಧ ಶರೀರಶಾಸ್ತ್ರಜ್ಞ ಬ್ರೌನ್-ಸೆಕಾರ್, ತಮ್ಮ 72ನೇ ವಯಸ್ಸಿನಲ್ಲಿ, ಪ್ರಾಣಿಗಳ ವೃಷಣದ ರಸವನ್ನು ತಮಗೇ ಚುಚ್ಚಿಕೊಂಡು ಯೌವನ ಮರಳಿತೆಂದು ಘೋಷಿಸಿದರು. ಆ ನೀರುರಸದಲ್ಲಿ ಪರಿಣಾಮ ಬೀರುವಷ್ಟು ಹಾರ್ಮೋನು ಇರಲು ಸಾಧ್ಯವೇ ಇರಲಿಲ್ಲ. ಮರಳಿದ್ದು ನಂಬಿಕೆಯ ಬಲ. 1920ರ ದಶಕದಲ್ಲಿ ವೊರೊನಾಫ್ ಕೋತಿಯ ವೃಷಣದ ತುಣುಕುಗಳನ್ನೇ ಶ್ರೀಮಂತರಿಗೆ ಕಸಿ ಮಾಡಿದರು. 1935ರಲ್ಲಿ ಟೆಸ್ಟೋಸ್ಟಿರಾನ್ ಪ್ರಯೋಗಾಲಯದಲ್ಲಿ ತಯಾರಾದ ಮೇಲೆ ಹಳೆಯ ಆಸೆಗೆ ಹೊಸ ಹೆಸರು ಬಂತು. ಕೇವಲ ವಯಸ್ಸಿನಿಂದ ಕುಗ್ಗಿದವರಿಗೆ ಅದನ್ನು ಕೊಡಲು ಅನುಮೋದನೆಯಿಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲಿ ಎಚ್ಚರಿಸಬೇಕಾಯಿತು.

ಚರಕಸಂಹಿತೆಯ ಚಿಕಿತ್ಸಾಸ್ಥಾನ ತೆರೆದುಕೊಳ್ಳುವುದೂ ರಸಾಯನ, ವಾಜೀಕರಣಗಳಿಂದಲೇ. ಆದರೆ ಅಲ್ಲಿ ನೆಲ್ಲಿಕಾಯಿಯ ಜೊತೆಗೆ ಸತ್ಯ, ಅಕ್ರೋಧ, ಹಿತಮಿತ ನಿದ್ರೆಗಳೂ ರಸಾಯನವೆನಿಸಿವೆ. ಗೋಡೆಯ ಚೀಟಿಗಳು ಆ ಭಾಗವನ್ನು ಜಾಣತನದಿಂದ ಬಿಟ್ಟಿವೆ.

ಪುರುಷತ್ವದ ಸತ್ವವೆಂದು ಜಗತ್ತು ಕೊಂಡಾಡಿದ ಹಾರ್ಮೋನೇ ಪ್ರಾಸ್ಟೇಟ್ ಕ್ಯಾನ್ಸರಿಗೆ ಪೋಷಣೆಯೆಂದು 1941ರಲ್ಲಿ ಚಿಕಾಗೊದ ಚಾರ್ಲ್ಸ್ ಹಗಿನ್ಸ್ ತೋರಿಸಿದರು. ನನ್ನ ಗೆಳೆಯರಿಗೆ ಈಗ ಕೊಡುತ್ತಿರುವುದು ಅದನ್ನು ಅಡಗಿಸುವ ಚುಚ್ಚುಮದ್ದು.

ರಾತ್ರಿ ಏಳುವವರೆಲ್ಲರಿಗೂ ಕ್ಯಾನ್ಸರ್ ಇರುವುದಿಲ್ಲ. ಬಹುಪಾಲು ಅದು ಗ್ರಂಥಿಯ ಸಾಮಾನ್ಯ ಊತ, ಇಲ್ಲವೇ ಸಕ್ಕರೆ ಕಾಯಿಲೆ. ಸರ್ಕಾರದ ತಪಾಸಣಾ ಕಾರ್ಯಕ್ರಮ ರಕ್ತದೊತ್ತಡ, ಸಕ್ಕರೆ, ಬಾಯಿಯ ಕ್ಯಾನ್ಸರ್ ವಿಚಾರಿಸುತ್ತದೆ. ಅರವತ್ತು ದಾಟಿದ ಗಂಡಸರಿಗೆ ಮೂತ್ರದ ತೊಂದರೆಯ ಕುರಿತೂ ಒಂದು ಪ್ರಶ್ನೆ ಸೇರಲಿ. ಅದನ್ನು ಕೇಳುವವರು ಪುರುಷ ಆರೋಗ್ಯ ಕಾರ್ಯಕರ್ತರಾಗಿರಲಿ. ಆಶಾ ಕಾರ್ಯಕರ್ತೆಯ ಎದುರು ನಮ್ಮವರು ಬಾಯಿ ಬಿಡುವುದಿಲ್ಲ.

ನನಗಾದರೂ ಹೇಳಬಹುದಿತ್ತಲ್ಲ ಎಂದು ಗೆಳೆಯರನ್ನು ಕೇಳಿದೆ. ‘ಇದನ್ನೆಲ್ಲ ಹೇಳಿಕೊಳ್ಳುವುದು ಹೇಗೆ ಮಾರಾಯ’ ಎಂದರು.