ತೋಟಗಾರನನ್ನು ಕರೆದೊಯ್ದ ಸರ್ಕಾರವೇ ಗೇಣಿಯನ್ನೂ ಹೊರಬೇಕು

ಯುದ್ಧದ ಲೆಕ್ಕವನ್ನು ಬರೆಯುವವರು ಮಡಿದವರನ್ನು ಎಣಿಸುತ್ತಾರೆ, ಸುಟ್ಟುಹೋದ ಊರುಗಳನ್ನು ಎಣಿಸುತ್ತಾರೆ. ಕಡ್ಡಾಯ ಸೈನ್ಯಸೇವೆಗೆ ಕರೆ ಬಂದ ದಿನ ಒಬ್ಬ ಗೇಣಿದಾರನಿಗೂ ಅವನ ಭೂಮಾಲೀಕನಿಗೂ ನಡುವೆ ಹುಟ್ಟುವ ಕಲಹ ಆ ಲೆಕ್ಕದಲ್ಲಿ ಸೇರುವುದಿಲ್ಲ. ಇಬ್ಬರಲ್ಲಿ ಯಾರೂ ತಪ್ಪು ಮಾಡಿರುವುದಿಲ್ಲ. ಆದರೂ ಒಬ್ಬರು ನಷ್ಟವನ್ನು ಹೊರಲೇಬೇಕಾಗುತ್ತದೆ. ಆ ನಷ್ಟ ಯಾರದಾಗಬೇಕೆಂಬ ಪ್ರಶ್ನೆಗೆ ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ ನೀಡಿದ ಉತ್ತರಗಳು ಇಂದಿಗೂ ಪರಿಶೀಲನೆಗೆ ಯೋಗ್ಯವಾಗಿವೆ.

1916ರ ಜನವರಿಯಲ್ಲಿ ಬ್ರಿಟಿಷ್ ಸಂಸತ್ತು ಕಡ್ಡಾಯ ಸೈನ್ಯಸೇವೆಯ ಕಾಯಿದೆಯನ್ನು ಅಂಗೀಕರಿಸಿತು. ಮೊದಲಿಗೆ 18ರಿಂದ 41 ವರ್ಷದೊಳಗಿನ ಅವಿವಾಹಿತರಿಗೂ ಮಕ್ಕಳಿಲ್ಲದ ವಿಧುರರಿಗೂ ಅನ್ವಯಿಸಿದ ಅದನ್ನು ಅದೇ ಮೇ ತಿಂಗಳಲ್ಲಿ ವಿವಾಹಿತರಿಗೂ ವಿಸ್ತರಿಸಲಾಯಿತು. ವಿನಾಯಿತಿ ಬೇಡುವವರು ಸ್ಥಳೀಯ ನ್ಯಾಯಮಂಡಳಿಯ ಮುಂದೆ ನಿಲ್ಲಬೇಕಿತ್ತು. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ನಮಗೆ, ಆತ್ಮಸಾಕ್ಷಿಯ ಕಾರಣದಿಂದ ಆಯುಧ ಹಿಡಿಯಲೊಲ್ಲದವರ ಕಥೆಯೇ ಮೊದಲು ನೆನಪಾಗುವುದು ಸಹಜ. ಆದರೆ ಯುದ್ಧದ ಉದ್ದಕ್ಕೂ ಅಂಥವರು ಸುಮಾರು 16,000 ಮಂದಿ. 1916ರ ಜೂನ್ ಅಂತ್ಯದೊಳಗೇ ಬಂದ ಅರ್ಜಿಗಳಾದರೋ ಏಳು ಲಕ್ಷಕ್ಕೂ ಹೆಚ್ಚು. ಅವುಗಳಲ್ಲಿ ಬಹುಪಾಲು ಉದ್ಯೋಗ, ಅಂಗಡಿ, ಹೊಲ, ಮನೆಗಳ ಹೊಣೆಯನ್ನು ಮುಂದಿಟ್ಟ ಅರ್ಜಿಗಳು.

ಈ ಅರ್ಜಿದಾರರಲ್ಲಿ ಗೇಣಿಗೆ ನೆಲ ಹಿಡಿದು ನರ್ಸರಿ ನಡೆಸುವವನ ಸ್ಥಿತಿ ವಿಶೇಷವಾಗಿ ಇಕ್ಕಟ್ಟಿನದು. ಅಂಗಡಿಗೆ ಬೀಗ ಹಾಕಬಹುದು. ಸಸಿಯ ಪಾತಿಗೆ ಬೀಗವಿಲ್ಲ. ಕಸಿ ಕಟ್ಟಿದ ಹಣ್ಣಿನ ಗಿಡ ಮಾರಾಟಕ್ಕೆ ಬರಲು ಎರಡು ಮೂರು ವರ್ಷ ಬೇಕು. ಲಂಡನ್ನಿನ ಉತ್ತರದ ಲೀ ಕಣಿವೆಯಲ್ಲಿ ಟೊಮೆಟೊ, ಸೌತೆ, ದ್ರಾಕ್ಷಿ ಬೆಳೆಯುತ್ತಿದ್ದ ಗಾಜಿನ ಮನೆಗಳಂಥಲ್ಲಿ, ಚಳಿಯ ಒಂದು ರಾತ್ರಿ ಒಲೆ ಆರಿದರೂ ಬೆಳೆ ಕೈಬಿಟ್ಟಂತೆ. ನ್ಯಾಯಮಂಡಳಿಗಳು ಅನೇಕರಿಗೆ ಕೊಟ್ಟದ್ದು ಕೆಲವೇ ತಿಂಗಳ ತಾತ್ಕಾಲಿಕ ವಿನಾಯಿತಿ. ಒಬ್ಬನೇ ದುಡಿದು ನಡೆಸುವ ತೋಟಕ್ಕೆ ಅದು ಮುಚ್ಚುವ ಸಿದ್ಧತೆಗಷ್ಟೇ ಸಾಲುವ ಕಾಲ.

ಈಗ ಭೂಮಾಲೀಕನ ಕಡೆಯಿಂದ ನೋಡೋಣ. ಮಾಲೀಕನೆಂದೊಡನೆ ಸಾವಿರ ಎಕರೆಯ ಜಮೀನ್ದಾರನನ್ನೇ ಕಲ್ಪಿಸಿಕೊಳ್ಳಬೇಕಿಲ್ಲ. ಪತಿ ಬಿಟ್ಟುಹೋದ ಎರಡು ಎಕರೆಯ ಗೇಣಿಯಲ್ಲೇ ಸಂಸಾರ ತೂಗಿಸುವ ವಿಧವೆಯೂ ಮಾಲೀಕಳೇ. ಗೇಣಿ ನಿಂತರೆ ಅವಳ ಒಲೆಯೂ ಆರುತ್ತದೆ. ಗೇಣಿದಾರನನ್ನು ಬಿಡಿಸಿ ಬೇರೊಬ್ಬನಿಗೆ ಕೊಡೋಣವೆಂದರೆ, ಕಂದಕದಲ್ಲಿರುವ ಸೈನಿಕನ ತೋಟವನ್ನು ಕಿತ್ತುಕೊಂಡಳೆಂಬ ಅಪಖ್ಯಾತಿ.

ಸರ್ಕಾರದ ಮೊದಲ ಉತ್ತರ 1914ರ ತುರ್ತು ಅಧಿಕಾರಗಳ ಕಾಯಿದೆ. ಯುದ್ಧಕ್ಕೆ ಮುಂಚಿನ ಕರಾರುಗಳ ಬಾಕಿಗಾಗಿ ಜಪ್ತಿ ಮಾಡುವುದಕ್ಕೂ ಸ್ವತ್ತನ್ನು ಮರಳಿ ವಶಪಡಿಸಿಕೊಳ್ಳುವುದಕ್ಕೂ ಬಹುಮಟ್ಟಿಗೆ ನ್ಯಾಯಾಲಯದ ಅನುಮತಿ ಬೇಕಾಯಿತು. ಬಾಕಿಗೆ ಯುದ್ಧವೇ ಕಾರಣವೆಂದು ಕಂಡರೆ ನ್ಯಾಯಾಲಯ ಗಡುವು ಕೊಡಬಹುದಿತ್ತು. ಗೇಣಿದಾರನಿಗೆ ಉಸಿರಾಡಲು ಅವಕಾಶವಾಯಿತು, ನಿಜ. ಆದರೆ ಆ ಅವಕಾಶದ ಬೆಲೆ ತೆತ್ತವರು ಮಾಲೀಕರು. ಸಾಲವಂತೂ ತೀರದೆ ಬೆಳೆಯುತ್ತಲೇ ಇತ್ತು. ಎರಡನೆಯ ಉತ್ತರ ಇದಕ್ಕಿಂತ ಪ್ರಾಮಾಣಿಕವಾದುದು. ಸೈನ್ಯಕ್ಕೆ ಸೇರಿದವರ ಬಾಡಿಗೆ, ಅಡಮಾನದ ಬಡ್ಡಿ, ವಿಮೆಯ ಕಂತು ಮುಂತಾದ ನಾಗರಿಕ ಹೊಣೆಗಳಿಗೆ ಬೊಕ್ಕಸದಿಂದಲೇ ನೆರವು ನೀಡುವ ಯೋಜನೆ 1916ರಲ್ಲಿ ಜಾರಿಗೆ ಬಂತು. ಅದರ ಮಿತಿ ವರ್ಷಕ್ಕೆ 104 ಪೌಂಡ್. ಹಾಳಾದ ಸಸಿಗಳ ಬೆಲೆಯನ್ನು ಅದು ತುಂಬಲಾರದು. ಆದರೂ ದೇಶಕ್ಕಾಗಿ ಕರೆದೊಯ್ದವನ ಗೇಣಿ ದೇಶದ ಹೊಣೆಯೆಂಬ ತತ್ತ್ವವನ್ನು ಅದು ಒಪ್ಪಿಕೊಂಡಿತು. ನನ್ನ ವಾದವೂ ಅದೇ.

ಈ ಪ್ರಶ್ನೆ ನಮಗೆ ಹೊರಗಿನದಲ್ಲ. ಭಾರತದಲ್ಲಿ ಕಡ್ಡಾಯ ಸೈನ್ಯಸೇವೆ ಇಲ್ಲ. ಆದರೆ ಸೈನಿಕನ ಸೇವೆಗೂ ಗೇಣಿಗೂ ಇರುವ ಸಂಬಂಧವನ್ನು ಕರ್ನಾಟಕದ ಭೂಸುಧಾರಣೆ ಕಾಯಿದೆಯೂ ಎದುರಿಸಿತು. 1974ರ ಮಾರ್ಚ್ 1ರಂದು ಜಾರಿಯಾದ ತಿದ್ದುಪಡಿಯಿಂದ ಗೇಣಿಯ ಜಮೀನುಗಳು ಸರ್ಕಾರಕ್ಕೆ ಸೇರಿ, ಉಳುವವರು ಅಧಿಭೋಗದ ಹಕ್ಕು ಕೋರುವಂತಾಯಿತು. ಮುಂಬಯಿ, ಪುಣೆಗಳಲ್ಲಿ ನೆಲೆಸಿದ ನಮ್ಮ ಅನೇಕ ಮನೆಗಳಲ್ಲಿ ಆ ನೆನಪು ಇನ್ನೂ ಮಾಸಿಲ್ಲ. ಸೈನಿಕರೂ ನಾವಿಕರೂ ಸೇವೆಯಲ್ಲಿದ್ದಾಗ ಗೇಣಿಗೆ ಕೊಟ್ಟ ಜಮೀನನ್ನು ಮಾತ್ರ ಕಾಯಿದೆ ಇದರಿಂದ ಹೊರಗಿಟ್ಟಿತು. ಯೋಧನ ನೆಲ ಉಳಿಯಬೇಕಾದದ್ದು ನ್ಯಾಯವೇ. ಆದರೆ ಆ ನೆಲವನ್ನು ಉತ್ತವನಿಗೆ ಪಕ್ಕದ ಹೊಲದವನಿಗೆ ದೊರೆತ ಹಕ್ಕು ದೊರೆಯಲಿಲ್ಲ. ಬ್ರಿಟನ್ನಿನಲ್ಲಿ ಮಾಲೀಕನ ಕಿಸೆಯಿಂದ, ಇಲ್ಲಿ ಗೇಣಿದಾರನ ಕಿಸೆಯಿಂದ ಸರ್ಕಾರ ಔದಾರ್ಯ ತೋರಿತು.

ಇಂದು ಉಕ್ರೇನಿನಲ್ಲಿ ಯುದ್ಧ ನಡೆದಿದೆ. 2024ರ ಏಪ್ರಿಲ್‌ನಲ್ಲಿ ಅಲ್ಲಿ ಸೈನ್ಯಕ್ಕೆ ಕರೆಯುವ ಕನಿಷ್ಠ ವಯಸ್ಸನ್ನು 27ರಿಂದ 25ಕ್ಕೆ ಇಳಿಸಲಾಯಿತು. ಅಲ್ಲಿಯೂ ತಮ್ಮ ಪಾಲಿನ ತುಂಡುನೆಲವನ್ನು ಗೇಣಿಗೆ ಕೊಟ್ಟು ಬದುಕುವ ಹಳ್ಳಿಯ ವೃದ್ಧರಿದ್ದಾರೆ, ಆ ನೆಲ ಹಿಡಿದ ರೈತರಿದ್ದಾರೆ.

ಯಾವ ದೇಶವಾದರೂ ಕರೆಯ ಆಜ್ಞೆಯೊಂದಿಗೇ ಮೂರು ಏರ್ಪಾಟುಗಳನ್ನು ಮಾಡಬೇಕು. ಒಪ್ಪಂದದ ಗೇಣಿಯನ್ನು ಸೇವಾವಧಿಯುದ್ದಕ್ಕೂ ಬೊಕ್ಕಸದಿಂದ ನೇರವಾಗಿ ಮಾಲೀಕರಿಗೆ ಸಲ್ಲಿಸಬೇಕು. ತೋಟದ ಸಸಿಗಳ ಬೆಲೆಯನ್ನು ಅವನು ಹೊರಡುವ ಮುನ್ನವೇ ನಿರ್ಧರಿಸಿ, ನೀರೆರೆದು ಕಾಯುವವರಿಗೆ ಕೂಲಿ ಗೊತ್ತುಮಾಡಬೇಕು. ಅವನು ಮರಳಿದಾಗ ಅದೇ ಕರಾರಿನ ಮೇಲೆ ಅದೇ ನೆಲ ದೊರೆಯಬೇಕು. ಮರಳದಿದ್ದರೆ ಆ ಹಕ್ಕು ಅವನ ಹೆಂಡತಿ ಮಕ್ಕಳಿಗೆ ಸಲ್ಲಬೇಕು. ಇದಕ್ಕೆ ಹಣವಿಲ್ಲವೆನ್ನುವ ಸರ್ಕಾರ ತನ್ನ ಯುದ್ಧದ ನಿಜವಾದ ವೆಚ್ಚವನ್ನು ಪ್ರಜೆಗಳಿಂದ ಮರೆಮಾಚುತ್ತಿದೆ ಎಂದೇ ತಿಳಿಯಬೇಕು.