ವರುಷದ ದುಡಿಮೆ, ವಾರದ ಕಿರೀಟ



ಈ ಪುಟದಲ್ಲಿ ಶಾಲೆ, ಊರು, ಹಬ್ಬಹರಿದಿನಗಳ ನೆನಪುಗಳನ್ನು ಬರೆಯುತ್ತ ಬಂದವನು ಇಂದು ಗಾಲ್ಫ್ ಆಟದ ಮಾತೆತ್ತಿದರೆ ನಿಮ್ಮಲ್ಲಿ ಕೆಲವರಿಗೆ ನಗು ಬಂದೀತು. ಆ ಆಟದ ಕೋಲನ್ನು ನಾನು ಒಮ್ಮೆಯೂ ಕೈಯಲ್ಲಿ ಹಿಡಿದವನಲ್ಲ. ನನ್ನ ಕೈಗೆ ಪರಿಚಯವಿದ್ದುದು ಸೀಮೆಸುಣ್ಣ, ಕೆಂಪು ಶಾಯಿಯ ಪೆನ್ನು ಮತ್ತು, ನಿಮ್ಮಲ್ಲಿ ಹಲವರು ಮರೆತಿರಲಾರದ, ಆ ಬೆತ್ತ. ಆದರೂ ಈ ವಿಷಯ ಬಹುಕಾಲದಿಂದ ಮನಸ್ಸನ್ನು ಕೊರೆಯುತ್ತಿದೆ. ಹೇಳಿ ಹಗುರಾಗುತ್ತೇನೆ.

2024ರ ನವೆಂಬರಿನಲ್ಲಿ ನಾನು ಅಮೆರಿಕದಲ್ಲಿ ಮಗಳ ಮನೆಯಲ್ಲಿದ್ದೆ. ಅಳಿಯನಿಗೆ ಗಾಲ್ಫ್ ಹುಚ್ಚು. ಒಂದು ಭಾನುವಾರ ಸಂಜೆ ಆತ ಟಿ.ವಿ. ಮುಂದೆ ಕುಳಿತವನು, "ಮಾವ, ಬನ್ನಿ, ನಿಮ್ಮ ವಯಸ್ಸಿನವರೊಬ್ಬರು ಆಡುತ್ತಿದ್ದಾರೆ" ಎಂದು ಕರೆದ. ಅರಿಜೋನಾ ರಾಜ್ಯದ ಫೀನಿಕ್ಸ್ ಕಂಟ್ರಿ ಕ್ಲಬ್ಬಿನ ಹಸಿರು ಅಂಗಳ. ಆಟಗಾರ ಜರ್ಮನಿಯ ಬರ್ನ್‌ಹಾರ್ಡ್ ಲ್ಯಾಂಗರ್. ಹುಟ್ಟಿದ್ದು 1957ರ ಆಗಸ್ಟಿನಲ್ಲಿ, ನನಗಿಂತ ಒಂದು ವರ್ಷಕ್ಕೆ ಹಿರಿಯ. ಆ ವರ್ಷದ ಫೆಬ್ರವರಿಯಲ್ಲಿ ಅವರ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಹರಿದಿತ್ತು. ಮೂರೇ ತಿಂಗಳಲ್ಲಿ ಮರಳಿ ಅಂಗಳಕ್ಕಿಳಿದಿದ್ದರು. ಕೊನೆಯ ಕುಳಿಯಲ್ಲಿ ಸುಮಾರು ಮೂವತ್ತು ಅಡಿ ದೂರದಿಂದ ಅವರು ತಳ್ಳಿದ ಚೆಂಡು ನಿಧಾನವಾಗಿ ಉರುಳಿ, ಇಳಿಜಾರನ್ನು ಅನುಸರಿಸಿ, ಕುಳಿಯೊಳಗೆ ಬಿತ್ತು. 67ನೆಯ ವಯಸ್ಸಿನಲ್ಲಿ ಒಂದೇ ಹೊಡೆತದ ಅಂತರದ ಗೆಲುವು. ನಾನು ಅರಿವಿಲ್ಲದೆ ಚಪ್ಪಾಳೆ ತಟ್ಟಿದೆ.

ಆಗ ಅಳಿಯ ಹೇಳಿದ: "ಏಳು ವರ್ಷದ ಹಿಂದೆ ಇದೇ ಅಂಗಳದಲ್ಲಿ ಇವರಿಗೆ ಅನ್ಯಾಯವಾಗಿತ್ತು." ಅನ್ಯಾಯ ಎಂಬ ಪದವನ್ನು ಮೇಷ್ಟರಾದವರು ಪರಿಶೀಲಿಸದೆ ಒಪ್ಪಬಾರದು. ಆ 2017ರ ಕಥೆಯನ್ನು ಪೂರ್ತಿ ತಿಳಿದುಕೊಂಡೆ. ಅದನ್ನೇ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಆಟದ ಬಗ್ಗೆ ಎರಡು ಮಾತು. ಒಂದು ಸುತ್ತಿಗೆ ಹದಿನೆಂಟು ಕುಳಿಗಳು. ಅತಿ ಕಡಿಮೆ ಹೊಡೆತಗಳಲ್ಲಿ ಮುಗಿಸಿದವನು ಗೆದ್ದವನು. ಐವತ್ತು ತುಂಬಿದ ವೃತ್ತಿಪರರಿಗಾಗಿ ಅಮೆರಿಕದಲ್ಲಿ 1980ರಿಂದ ಪ್ರತ್ಯೇಕ ಹಿರಿಯರ ಸರಣಿಯೊಂದು ನಡೆಯುತ್ತಿದೆ. ಇಲ್ಲಿ ಹೆಚ್ಚಿನ ಪಂದ್ಯಗಳು ಮೂರು ದಿನದವು. 'ಮೇಜರ್' ಎಂದು ಕರೆಯುವ ಐದು ಮಹಾಪಂದ್ಯಗಳು ನಾಲ್ಕು ದಿನದವು. ಜನವರಿಯಿಂದ ನವೆಂಬರಿನವರೆಗೆ ನಡೆಯುವ ಈ ಪಂದ್ಯಗಳ ಗಳಿಕೆಯನ್ನು ಅಂಕಗಳಾಗಿ ಎಣಿಸಿ, ವರ್ಷಾಂತ್ಯದಲ್ಲಿ ಒಬ್ಬನಿಗೆ ಚಾರ್ಲ್ಸ್ ಶ್ವಾಬ್ ಕಪ್ ಎಂಬ ಪ್ರಶಸ್ತಿ ಕೊಡುತ್ತಾರೆ. 2017ರಲ್ಲಿ ಕಪ್ಪಿನ ಜೊತೆಗೆ ಹತ್ತು ಲಕ್ಷ ಡಾಲರುಗಳ ವರ್ಷಾಶನವೂ ಇತ್ತು. 'ಇಡೀ ಋತುವಿನ ಚಾಂಪಿಯನ್' ಎಂಬುದು ಅದರ ಬಿರುದು. ಈ ಬಿರುದನ್ನು ನೆನಪಿಟ್ಟುಕೊಳ್ಳಿ, ನನ್ನ ತಕರಾರೆಲ್ಲ ಇರುವುದು ಅದರ ಮೇಲೆಯೇ.

2017ರ ಋತುವಿನಲ್ಲಿ ಲ್ಯಾಂಗರ್ ಜನವರಿಯಲ್ಲಿ ಹವಾಯಿ ದ್ವೀಪದ ಮೊದಲ ಪಂದ್ಯವನ್ನೇ ಗೆದ್ದರು. ಮೇ ತಿಂಗಳಲ್ಲಿ ಅಲಬಾಮಾದಲ್ಲಿ ಟ್ರೆಡಿಷನ್ ಪಂದ್ಯವನ್ನು ಗೆದ್ದು, ಹಿರಿಯರ ಮಹಾಪಂದ್ಯಗಳಲ್ಲಿ ಎಂಟು ಗೆಲುವು ಪಡೆದಿದ್ದ ಜ್ಯಾಕ್ ನಿಕ್ಲಾಸರ ಸಮಕ್ಕೆ ಬಂದರು. ಒಂದು ವಾರ ಕಳೆಯಿತು. ಪೊಟೊಮ್ಯಾಕ್ ನದಿಯ ದಂಡೆಯಲ್ಲಿ ನಡೆದ ಸೀನಿಯರ್ ಪಿ.ಜಿ.ಎ. ಚಾಂಪಿಯನ್‌ಷಿಪ್‌ನಲ್ಲಿ ವಿಜಯ್ ಸಿಂಗ್ ಅವರನ್ನು ಒಂದೇ ಹೊಡೆತದಿಂದ ಹಿಂದಿಕ್ಕಿ ಆ ದಾಖಲೆಯನ್ನೂ ದಾಟಿದರು. (ಈ ವಿಜಯ್ ಸಿಂಗ್ ಫಿಜಿ ದ್ವೀಪದವರು, ಭಾರತೀಯ ಮೂಲದವರು, ಹೆಸರು ಕೇಳಿ ನನ್ನ ಮನಸ್ಸು ಒಂದು ಕ್ಷಣ ಅತ್ತ ವಾಲಿದ್ದು ಸುಳ್ಳಲ್ಲ.) ಜುಲೈ ಕೊನೆಯಲ್ಲಿ ವೇಲ್ಸ್ ದೇಶದ ಕಡಲತೀರದ ರಾಯಲ್ ಪೋರ್ತ್‌ಕಾಲ್‌ನಲ್ಲಿ ಸೀನಿಯರ್ ಓಪನ್ ಗೆದ್ದರು, ಮೂರು ಹೊಡೆತಗಳ ಅಂತರದಿಂದ. ಅದೇ ಅಂಗಳದಲ್ಲಿ 2014ರಲ್ಲಿ ಅವರು ಗೆದ್ದ ಅಂತರ ಹದಿಮೂರು ಹೊಡೆತಗಳು! ಆಗಸ್ಟಿನಲ್ಲಿ ಅರವತ್ತು ತುಂಬಿತು. ನಮ್ಮಲ್ಲಾದರೆ ಹಾರ ಹಾಕಿ, ಶಾಲು ಹೊದಿಸಿ, ಮನೆಗೆ ಕಳಿಸುವ ವಯಸ್ಸು. ಅವರು ಸೆಪ್ಟೆಂಬರಿನಲ್ಲಿ ಪೆಬಲ್ ಬೀಚ್‌ಗೆ ಹೋಗಿ ಮತ್ತೊಂದು ಪಂದ್ಯ ಗೆದ್ದರು.

ಹಾಗೆಂದು ಉಳಿದವರು ಕೈಕಟ್ಟಿ ಕುಳಿತಿರಲಿಲ್ಲ. ಯು.ಎಸ್. ಸೀನಿಯರ್ ಓಪನ್‌ನಲ್ಲಿ ಕೆನ್ನಿ ಪೆರ್ರಿ ಒಟ್ಟು 264 ಹೊಡೆತಗಳಲ್ಲಿ ನಾಲ್ಕು ಸುತ್ತು ಮುಗಿಸಿ ಆ ಪಂದ್ಯದ ದಾಖಲೆ ಬರೆದರು. ಸೀನಿಯರ್ ಪ್ಲೇಯರ್ಸ್ ಪಂದ್ಯದಲ್ಲಿ ಸ್ಕಾಟ್ ಮೆಕ್ಯಾರನ್ ಕೊನೆಯ ದಿನ ಆರು ಹೊಡೆತ ಹಿಂದಿದ್ದವರು ಲ್ಯಾಂಗರರ ಕೈಯಿಂದಲೇ ಗೆಲುವನ್ನು ಕಸಿದುಕೊಂಡರು. ಬದುಕಿನಲ್ಲೂ ಆಟದಲ್ಲೂ ಬಹಳ ಎಡವಿದ್ದ ಜಾನ್ ಡಾಲಿ ಹ್ಯೂಸ್ಟನ್ನಿನಲ್ಲಿ ಹಿರಿಯರ ಸರಣಿಯ ತಮ್ಮ ಮೊದಲ ಗೆಲುವನ್ನು ಕಂಡರು. ಐವತ್ತು ದಾಟಿದವರಿಗೂ 'ಮೊದಲ ಗೆಲುವು' ಎಂಬುದೊಂದು ಉಳಿದಿರುತ್ತದಲ್ಲ! ನಿವೃತ್ತರಾದ ನಮಗೆ ಇದು ಬಲು ಸಮಾಧಾನದ ಸಂಗತಿ.

ಇನ್ನು ಕೊನೆಯ ಅಂಕ. ವರ್ಷವಿಡೀ ಒಬ್ಬನೇ ಮುಂದಿದ್ದರೆ ಕೊನೆಗೆ ನೋಡುವವರಿಗೆ ಸ್ವಾರಸ್ಯವಿರುವುದಿಲ್ಲವೆಂದು 2016ರಿಂದ ಒಂದು ಹೊಸ ಏರ್ಪಾಡು ಬಂದಿತ್ತು. ಕೊನೆಯ ಮೂರು ಪಂದ್ಯಗಳು ಸೋಸುವ ಪಂದ್ಯಗಳು: ಮೊದಲನೆಯದಕ್ಕೆ 72 ಮಂದಿ, ಎರಡನೆಯದಕ್ಕೆ 54, ಕೊನೆಯದಕ್ಕೆ 36. ಕೊನೆಯ ಪಂದ್ಯಕ್ಕೆ ಮುನ್ನ ಎಲ್ಲರ ಅಂಕಗಳನ್ನೂ ಹೊಸದಾಗಿ ಹೊಂದಿಸಿ, ಅಂತರಗಳನ್ನು ಕುಗ್ಗಿಸಿ, ಮೊದಲ ಐವರಲ್ಲಿ ಯಾರು ಆ ಪಂದ್ಯ ಗೆದ್ದರೂ ಕಪ್ ಅವರದೇ ಆಗುವಂತೆ ಮಾಡಲಾಗಿತ್ತು.

ಲ್ಯಾಂಗರ್ ರಿಚ್ಮಂಡ್‌ನಲ್ಲಿ ಮೊದಲನೆಯದನ್ನು ಗೆದ್ದರು. ಮರುವಾರವೇ ಕ್ಯಾಲಿಫೋರ್ನಿಯಾದಲ್ಲಿ ಎರಡನೆಯದನ್ನೂ ಗೆದ್ದರು. ಅಲ್ಲಿಗೆ ವರ್ಷದ ಗೆಲುವು ಏಳು. ಅದರಲ್ಲಿ ಮೂರು ಮಹಾಪಂದ್ಯಗಳು. ಋತುವಿನ ಒಟ್ಟು ಗಳಿಕೆ 36 ಲಕ್ಷ ಡಾಲರುಗಳಿಗೂ ಮಿಗಿಲು. ನವೆಂಬರ್ 12ರಂದು ಫೀನಿಕ್ಸಿನಲ್ಲಿ ಕೊನೆಯ ಪಂದ್ಯ ಮುಗಿದಾಗ ಅವರು ಮೊದಲ ಹತ್ತರಲ್ಲೂ ಇರಲಿಲ್ಲ. ವಿಜಯ್ ಸಿಂಗ್ ಅವರಿಗಿಂತ ಒಂದು ಹೊಡೆತ ಕಡಿಮೆಯಲ್ಲಿ ಗೆದ್ದವರು ಕೆವಿನ್ ಸದರ್‌ಲ್ಯಾಂಡ್. ಅದು ಹಿರಿಯರ ಸರಣಿಯಲ್ಲಿ ಅವರ ಮೊತ್ತಮೊದಲ ಗೆಲುವು. ಏಳು ಗೆದ್ದವರಿಗೆ ಕಪ್ ಇಲ್ಲ. ಒಂದು ಗೆದ್ದವರು 'ಇಡೀ ಋತುವಿನ ಚಾಂಪಿಯನ್'.

ಸದರ್‌ಲ್ಯಾಂಡ್ ಸಾಮಾನ್ಯ ಆಟಗಾರರೆಂದು ತಿಳಿಯಬೇಡಿ. 2014ರಲ್ಲಿ, ಐವತ್ತು ತುಂಬಿದ ಮರುತಿಂಗಳೇ, ನ್ಯೂಯಾರ್ಕ್ ರಾಜ್ಯದ ಎಂಡಿಕಾಟ್‌ನಲ್ಲಿ ಒಂದು ಸುತ್ತನ್ನು 59 ಹೊಡೆತಗಳಲ್ಲಿ ಮುಗಿಸಿ, ಹಿರಿಯರ ಸರಣಿಯಲ್ಲಿ ಆ ಸಾಧನೆ ಮಾಡಿದ ಮೊದಲಿಗರಾದವರು ಅವರು. ಸ್ವಾರಸ್ಯವೆಂದರೆ ಆ ಪಂದ್ಯವನ್ನು ಅವರು ಗೆಲ್ಲಲಿಲ್ಲ. ಮೂರು ದಿನವೂ ಹದವಾಗಿ ಆಡಿದ ಲ್ಯಾಂಗರ್ ಗೆದ್ದರು. ಅಂದು ಒಂದು ದಿನದ ಮಿಂಚು ಮೂರು ದಿನದ ದೀಪಕ್ಕೆ ಸೋತಿತು. ಮೂರು ವರ್ಷಗಳ ಬಳಿಕ ಒಂದು ವರ್ಷದ ದೀಪ ಮೂರು ದಿನದ ಮಿಂಚಿಗೆ ಸೋತಿತು. ಮೊದಲನೆಯದನ್ನು ನಾವು ಯಾರೂ ಅನ್ಯಾಯವೆನ್ನುವುದಿಲ್ಲ. ಎರಡನೆಯದನ್ನು ಕೇಳಿದಾಗ ಮನಸ್ಸು ಏಕೆ ಕಸಿವಿಸಿಗೊಳ್ಳುತ್ತದೆ?

ಇಲ್ಲಿ ನನ್ನದೊಂದು ಹಳೆಯ ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ನಾನು ಪರೀಕ್ಷಾ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಕಾಲ. ಒಂಬತ್ತನೆಯ ತರಗತಿಯಲ್ಲಿ ವರ್ಷದ ಅತ್ಯುತ್ತಮ ವಿದ್ಯಾರ್ಥಿಗೆ ದಾನಿಗಳೊಬ್ಬರು ಇಟ್ಟಿದ್ದ ಬೆಳ್ಳಿಯ ಪದಕವೊಂದಿತ್ತು. ಒಬ್ಬ ಹುಡುಗಿ ಜೂನ್‌ನಿಂದ ಫೆಬ್ರವರಿಯವರೆಗೆ ಎಲ್ಲ ಕಿರುಪರೀಕ್ಷೆಗಳಲ್ಲೂ, ಅರ್ಧವಾರ್ಷಿಕದಲ್ಲೂ ಮೊದಲಿಗಳು. ವಾರ್ಷಿಕ ಪರೀಕ್ಷೆಗೆ ಹತ್ತು ದಿನವಿರುವಾಗ ಅವಳ ತಂದೆ ತೀರಿಕೊಂಡರು. ಆಕೆ ಬಂದು ಪರೀಕ್ಷೆ ಬರೆದಳು; ಮೂರನೆಯ ಸ್ಥಾನ ಬಂತು. ನಿಯಮದಲ್ಲಿ 'ವಾರ್ಷಿಕ ಪರೀಕ್ಷೆಯ ಅಂಕಗಳ ಆಧಾರದ ಮೇಲೆ' ಎಂದಿತ್ತು. ಪಟ್ಟಿ ಸಿದ್ಧಪಡಿಸಿ ಸಹಿ ಮಾಡಿದವನು ನಾನೇ. ಪದಕ ಬೇರೆ ಹುಡುಗಿಗೆ ಹೋಯಿತು. ಅವಳೂ ಚೆನ್ನಾಗಿ ಓದಿದವಳೇ, ಅವಳದೇನೂ ತಪ್ಪಿಲ್ಲ. ವಾರ್ಷಿಕೋತ್ಸವದ ದಿನ ಧ್ವನಿವರ್ಧಕದಲ್ಲಿ ನಾನು 'ವರ್ಷದ ಅತ್ಯುತ್ತಮ ವಿದ್ಯಾರ್ಥಿನಿ' ಎಂದು ಘೋಷಿಸಿದಾಗ ಮೂರನೆಯ ಸಾಲಿನಲ್ಲಿ ಕುಳಿತಿದ್ದ ಆ ಮಗು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದಳು. ನಿಯಮ ಪಾಲಿಸಿದೆನೆಂದು ಅಂದು ನೆಮ್ಮದಿಯಿಂದಲೇ ಮನೆಗೆ ಹೋದೆ. ಆ ನೆಮ್ಮದಿ ಈಗ ನನಗೆ ನಾಚಿಕೆ ತರುತ್ತದೆ.

ನಾನು ಆಡಿದ ಮಾತು ಸುಳ್ಳಾಗಿತ್ತು. ಪದಕ ಕೊಟ್ಟದ್ದು ಸುಳ್ಳಲ್ಲ, ಅದರ ಹೆಸರು ಸುಳ್ಳು. ಅದು ವಾರ್ಷಿಕ ಪರೀಕ್ಷೆಯ ಪದಕ, ವರ್ಷದ ಪದಕವಲ್ಲ. ಫೀನಿಕ್ಸಿನಲ್ಲಿ ಆದದ್ದೂ ಇದೇ. ಸದರ್‌ಲ್ಯಾಂಡ್ ಆ ಪಂದ್ಯವನ್ನು ಸ್ವಚ್ಛವಾಗಿ ಗೆದ್ದರು. ಆ ಗೆಲುವು ಪೂರ್ತಿ ಅವರದು. ಆದರೆ ಮೂರು ದಿನದ ಆಟವನ್ನು ಅಳೆದು ಹನ್ನೊಂದು ತಿಂಗಳ ಹೆಸರಿಟ್ಟರು.

ಎದುರುವಾದವನ್ನೂ ಕೇಳೋಣ. ಅಳಿಯನ ವಾದ ಹೀಗಿತ್ತು: "ನಿಯಮ ಎಲ್ಲರಿಗೂ ಮೊದಲೇ ಗೊತ್ತಿತ್ತು, ಲ್ಯಾಂಗರರಿಗೂ. ಅನ್ಯಾಯವೆಂದವನು ನಾನೇ, ಆದರೂ ಒಪ್ಪಲೇಬೇಕು. ಆ ಪಂದ್ಯವನ್ನು ಅವರೇ ಗೆದ್ದಿದ್ದರೆ ಮಾತೇ ಇರುತ್ತಿರಲಿಲ್ಲ." ಸರಿಯಾದ ಮಾತೇ. ಕೊನೆಯ ಪರೀಕ್ಷೆಗೂ ತನ್ನದೇ ಬೆಲೆಯಿದೆ. ಒತ್ತಡದ ಗಳಿಗೆಯಲ್ಲಿ ಕೈ ನಡುಗದಿರುವುದು ಕಲಿಕೆಯ ಒಂದು ಭಾಗ. ವರ್ಷವಿಡೀ ಅಂಕ ಕೊಡುವ ಪದ್ಧತಿಯಲ್ಲೂ ಹುಳುಕುಗಳಿವೆ. ಆಂತರಿಕ ಅಂಕಗಳನ್ನು ಕೆಲವೆಡೆ ಪ್ರಸಾದದಂತೆ ಎಲ್ಲರಿಗೂ ಹಂಚುವುದನ್ನು ನಾನೇ ಕಂಡಿದ್ದೇನೆ. ಆದಕಾರಣ ಕೊನೆಯ ಪಂದ್ಯವೇ ಬೇಡವೆಂದು ನಾನು ಹೇಳುವುದಿಲ್ಲ. ಅದರ ಗೆಲುವಿಗೆ ದೊಡ್ಡ ಬಹುಮಾನವಿರಲಿ, ಬೇಕಾದರೆ ಇಮ್ಮಡಿ ಅಂಕವಿರಲಿ. ಆದರೆ ದುಡಿದು ಕೂಡಿಸಿದ ಅಂತರವನ್ನು ಅಳಿಸಿ, ಹಲಗೆ ಒರೆಸಿದಂತೆ ಒರೆಸಿ, ಹೊಸದಾಗಿ ಬರೆಯುವುದು ಸಲ್ಲದು. ನೋಡುವವರ ಸ್ವಾರಸ್ಯಕ್ಕಾಗಿ ಆಡುವವರ ಲೆಕ್ಕವನ್ನು ತಿದ್ದಬಾರದು. ನಮ್ಮ ರಾಜ್ಯದಲ್ಲೂ 2024ರಲ್ಲಿ ಹತ್ತನೆಯ ತರಗತಿಯ ಮಕ್ಕಳಿಗೆ ಒಂದೇ ವರ್ಷ ಮೂರು ಪರೀಕ್ಷೆ ಬರೆದು ಉತ್ತಮ ಅಂಕ ಉಳಿಸಿಕೊಳ್ಳುವ ಅವಕಾಶ ಬಂದಾಗ ಕೆಲವು ಸಹೋದ್ಯೋಗಿಗಳು ಮೂಗು ಮುರಿದರು. ನನಗೆ ಮಾತ್ರ ಆ ಹುಡುಗಿಯ ನೆನಪಾಯಿತು.

ಒಂದು ಸಮಾಧಾನವುಂಟು. ಆ ವರ್ಷದ ಅತ್ಯುತ್ತಮ ಆಟಗಾರ ಯಾರೆಂದು ಸಹ ಆಟಗಾರರೇ ಮತ ಹಾಕಿ ಆರಿಸುವ ಜ್ಯಾಕ್ ನಿಕ್ಲಾಸ್ ಪ್ರಶಸ್ತಿ ಲ್ಯಾಂಗರರಿಗೇ ಸಂದಿತು. ಪಕ್ಕದಲ್ಲಿ ನಿಂತು ಆಡಿದವರ ಲೆಕ್ಕದಲ್ಲಿ ಗೊಂದಲವಿರಲಿಲ್ಲ. ತರಗತಿಯಲ್ಲೂ ಹಾಗೆಯೇ ಅಲ್ಲವೇ? ಮೊದಲಿಗರು ಯಾರೆಂದು ಮೇಷ್ಟರಿಗಿಂತ ಮುಂಚೆ ಮಕ್ಕಳಿಗೆ ಗೊತ್ತಿರುತ್ತದೆ.

ಲ್ಯಾಂಗರ್ ಆಮೇಲೆ ಏನು ಮಾಡಿದರು? ಕೊರಗುತ್ತ ಕೂರುವುದು ಅವರ ಜಾಯಮಾನವಲ್ಲ. ಅವರು ಇಟ್ಟಿಗೆಗಾರೆ ಕೆಲಸದವನ ಮಗ. ಹುಡುಗನಾಗಿದ್ದಾಗ ಇತರರ ಗಾಲ್ಫ್ ಚೀಲ ಹೊತ್ತು ಆಟ ಕಲಿತವರು. 1991ರ ರೈಡರ್ ಕಪ್‌ನಲ್ಲಿ ಹೇಲ್ ಇರ್ವಿನ್ ಎದುರು ಕೊನೆಯ ಕುಳಿಯಲ್ಲಿ ಆರಡಿಯ ಪಟ್ ತಪ್ಪಿ, ಇಡೀ ಯುರೋಪಿನ ಸೋಲಿನ ಭಾರ ಅವರ ತಲೆಯ ಮೇಲೆ ಬಿದ್ದಿತ್ತು. ಮರುವಾರವೇ ಸ್ವದೇಶದಲ್ಲಿ ಜರ್ಮನ್ ಮಾಸ್ಟರ್ಸ್ ಗೆದ್ದರು. 2017ರ ಬಳಿಕವೂ ಅಷ್ಟೇ: 2018ರಲ್ಲಿ ಶ್ವಾಬ್ ಕಪ್ ಮತ್ತೆ ಅವರದಾಯಿತು. 2023ರಲ್ಲಿ ಯು.ಎಸ್. ಸೀನಿಯರ್ ಓಪನ್ ಗೆದ್ದು, ಹಿರಿಯರ ಸರಣಿಯಲ್ಲಿ ಅದೇ ಇರ್ವಿನ್ ಅವರ 45 ಗೆಲುವುಗಳ ದಾಖಲೆಯನ್ನು ಮುರಿದರು. ನಾನು ಕಂಡ ಫೀನಿಕ್ಸಿನ ಗೆಲುವು 47ನೆಯದು. ಆ ಸಲ ಕೊನೆಯ ಪಂದ್ಯ ಲ್ಯಾಂಗರರದು. ವರ್ಷದ ಕಪ್ ಮಾತ್ರ ಸ್ಟೀವನ್ ಆಲ್ಕರ್ ಅವರಿಗೆ ಹೋಯಿತು. ಪಂದ್ಯಕ್ಕೆ ಪಂದ್ಯದ ಗೌರವ, ವರ್ಷಕ್ಕೆ ವರ್ಷದ ಗೌರವ. ಅದೇ ಅಂಗಳದಲ್ಲಿ ಹಾಗಾದುದನ್ನು ಕಂಡು ನನಗೆ ಹಿತವೆನಿಸಿತು.

ನಿಮ್ಮಲ್ಲಿ ಅನೇಕರು ಈಗ ಮೇಷ್ಟರಾಗಿದ್ದೀರಿ, ಅಧಿಕಾರಿಗಳಾಗಿದ್ದೀರಿ, ಹತ್ತಾರು ಜನರ ಕೆಲಸಕ್ಕೆ ಬೆಲೆ ಕಟ್ಟುವ ಸ್ಥಾನದಲ್ಲಿದ್ದೀರಿ. ಯಾರಿಗಾದರೂ 'ವರ್ಷದ' ಎಂಬ ಬಿರುದು ಕೊಡುವ ಮುನ್ನ ಹನ್ನೆರಡು ತಿಂಗಳ ಹಾಳೆಗಳನ್ನೂ ಒಮ್ಮೆ ತಿರುವಿ ನೋಡಿ. ಕೊನೆಯ ಹಾಳೆ ಮಾತ್ರ ನೋಡಿ ಸಹಿ ಹಾಕಬೇಡಿ. ನಾನು ಹಾಕಿದ್ದೆ.

ಆ ಹುಡುಗಿ ಈಗ ಎಲ್ಲಿದ್ದಾಳೋ ತಿಳಿಯದು. ಈ ಪುಟವನ್ನು ಓದುವವರಲ್ಲಿ ಅವಳೂ ಒಬ್ಬಳಾಗಿದ್ದರೆ, ತಾಯಿ, ಆ ವರ್ಷದ ಮೊದಲಿಗಳು ನೀನೇ. ನಿನ್ನ ಮೇಷ್ಟ್ರು ಇದನ್ನು ತಡವಾಗಿ ಬರೆಯುತ್ತಿದ್ದಾನೆ, ಕ್ಷಮೆಯಿರಲಿ.